ಭಾವನ ಹೆಸರಿನಲ್ಲಿ ಒಯ್ದ ಕಷಾಯ

೧೯೮೪ರಲ್ಲಿ ಆಂಧ್ರದ ಗಡಿಯೂರು ಕಲ್ಯಾಣದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಗ್ರಂಧಿಗೆ ಅಂಗಡಿ ಇತ್ತು. ಬೇರು, ನಾರು, ಚಕ್ಕೆ, ಬೀಜ ಮಾರುವ ಅಂಗಡಿ. ಓದಿದ್ದು ಐದನೇ ಕ್ಲಾಸು. ಹಿಂದೂಪುರದ ಒಂದು ಅಂಗಡಿಯಲ್ಲಿ ಬೇರು ಕುಟ್ಟುವ ಕೆಲಸಕ್ಕೆ ಸೇರಿ, ಇಪ್ಪತ್ತೆರಡು ವರ್ಷ ದುಡಿದು, ಮೂಲಿಕೆಗಳನ್ನು ಕಣ್ಣುಮುಚ್ಚಿ ವಾಸನೆಯಿಂದಲೇ ಗುರುತಿಸುವಷ್ಟು ಕಲಿತಿದ್ದೆ. ದೊಡ್ಡ ವೈದ್ಯರೇ ನನ್ನ ಬಳಿ ಸರಕು ಒಯ್ಯುತ್ತಿದ್ದರು. ಆ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ನಮ್ಮ ಕಡೆ ಒಂದು ರಿವಾಜು. ಹೊಕ್ಕುಳಿನಿಂದ ಕೆಳಗಿನ ಕಾಯಿಲೆ ಯಾವ ಗಂಡಸಿಗೂ ತನಗೇ ಬಂದಿರುವುದಿಲ್ಲ. ಮೂಲವ್ಯಾಧಿ ಭಾವನಿಗೆ, ಉರಿಮೂತ್ರ ಷಡ್ಡಕನಿಗೆ. ಅಂಗಡಿಯವನು ತಲೆಯೆತ್ತದೆ ಪೊಟ್ಟಣ ಕಟ್ಟಿ ಕೊಡಬೇಕು. ಅದೇ ಮರ್ಯಾದೆ.

ಬೇಸಿಗೆಯ ಒಂದು ಸೋಮವಾರ ಸೆಟ್ಟೂರಿನ ರುದ್ರಪ್ಪನವರು ಬಂದರು. ಐವತ್ತರ ಆಚೆಯ ವಯಸ್ಸು, ಹುಣಸೆಹಣ್ಣಿನ ವ್ಯಾಪಾರ, ಹಣೆ ತುಂಬ ವಿಭೂತಿ.

"ನಮ್ ಭಾವುಂಗೆ ಒಂದಕ್ಕೆ ಸರಾಗ ಆಗ್ತಾ ಇಲ್ಲ ಕಣಪ್ಪ. ಉರಿ ಅಂತೆ. ಕುಂತ್ರೆ ಬುಡದಾಗೆ ನೋವಂತೆ. ಏನಾನ ಕೊಡು."

ಕುಳಿತುಕೊಳ್ಳಿ ಎಂದರೆ ಅವರೇ ಕುಳಿತುಕೊಳ್ಳಲಿಲ್ಲ. ಭಾವ ಯಾರೆಂದು ನನಗೆ ಗೊತ್ತಾಯಿತು. ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ, ಅದು ಊದಿದರೆ ಮೂತ್ರದ ದಾರಿಯನ್ನು ಹಿಸುಕುತ್ತದೆ ಎಂಬುದನ್ನೂ ಕೇಳಿ ತಿಳಿದಿದ್ದೆ. ತೆಲುಗಿನವರು ಪಲ್ಲೇರು ಎನ್ನುವ ನೆಗ್ಗಿಲು ಮುಳ್ಳನ್ನು ಕುಟ್ಟಿ, ಸೌತೆಬೀಜ, ಕುಂಬಳಬೀಜ ಸೇರಿಸಿ ಕಷಾಯದ ಪುಡಿ ಕಟ್ಟಿದೆ. ಜೊತೆಗೆ ದಿನಕ್ಕೆ ನಾಲ್ಕು ಚೊಂಬು ಬಾರ್ಲಿ ನೀರು ಕುಡಿಯಲು ಹೇಳಿದೆ. ಮೂತ್ರ ಹೆಚ್ಚಿಸುವ ಪದಾರ್ಥಗಳು. ಎಷ್ಟೋ ಜನ ಹಾಯೆನಿಸಿತು ಅಂದಿದ್ದರು.

ಬುಧವಾರ ಮತ್ತೆ ಬಂದರು. "ಭಾವುಂಗೆ ಗುಣ ಇಲ್ಲ. ನಿನ್ ಮದ್ದು ಹಳೇದೇನಪ್ಪ?"

ನನಗೆ ರೇಗಿತು. "ಹಳೇ ಮದ್ದು ಮಾರೋನಲ್ಲ ನಾನು. ನೀರು ಕಮ್ಮಿ ಕುಡ್ದಿರ್ತಾರೆ. ಕಷಾಯ ಎರಡು ಪಟ್ಟು ಮಾಡ್ಲಿ."

ಪೊಟ್ಟಣ ಕೊಡುವಾಗ ಅವರ ಬೆರಳು ನನ್ನ ಕೈಗೆ ತಾಗಿತು. ಕಾದ ಹಂಚಿನಂತಿತ್ತು. ಅವರು ಹೋದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಶುಂಠಿ ಕೇಳಿದವರಿಗೆ ಬಜೆ ತೂಗಿದೆ. ಎರಡು ಸಲ ಬಸ್ ನಿಲ್ದಾಣದ ತನಕ ಹೋಗಿ ನೋಡಿ ಬಂದೆ. ಸೆಟ್ಟೂರಿಗೆ ಹೋಗಿ ವಿಚಾರಿಸೋಣವೆಂದರೆ ಏನೆಂದು ಕೇಳುವುದು? ಇಲ್ಲದ ಭಾವನ ಆರೋಗ್ಯವನ್ನೇ?

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಂಡತಿ ಗೌರಮ್ಮನ ಜೊತೆ ಬಂದರು. ಆ ಬಿಸಿಲಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು. ಬಾಗಿಲಿನಿಂದ ಗಲ್ಲಾಪೆಟ್ಟಿಗೆಗೆ, ಗಲ್ಲಾಪೆಟ್ಟಿಗೆಯಿಂದ ಬಾಗಿಲಿಗೆ ನಡೆದಾಡುತ್ತಲೇ "ಇನ್ನೊಂದು ಸಲಿ ಕೊಡು" ಎಂದರು. ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ನನಗೆ ತಡೆಯಲಾಗಲಿಲ್ಲ.

"ರುದ್ರಪ್ಪನೋರೇ, ನೀವು ಒಂದಕ್ಕೆ ಹೋಗಿ ಎಷ್ಟೊತ್ತಾಯ್ತು?"

"ಭಾವುಂಗೆ ಅಂತ ಹೇಳ್ಳಿಲ್ವೇನ್ಲಾ! ನಾಕ್ ಜನದ ಮುಂದೆ ಮಾನ ಕಳೀತೀಯಾ?"

"ಯಾವ ಭಾವ?" ಎಂದರು ಗೌರಮ್ಮ. "ನಂಗೆ ಅಣ್ಣ ಇಲ್ಲ, ಇವರಿಗೆ ಅಕ್ಕ ಇಲ್ಲ. ನೆನ್ನೆ ಸಂಜೆಯಿಂದ ಒಂದು ಹನಿ ಹೋಗಿಲ್ಲ ಕಣಪ್ಪ. ನೀನು ಹೇಳ್ದೆ ಅಂತ ಚೊಂಬಿನ ಮೇಲೆ ಚೊಂಬು ಕುಡೀತಾವ್ರೆ."

ಮೂತ್ರದ ದಾರಿ ಮುಚ್ಚುತ್ತಿದ್ದವನಿಗೆ ನಾನು ಮೂರು ದಿನ ನೀರು ತುಂಬಿಸಿದ್ದೆ. ಅಂಗಡಿಯನ್ನು ಹಾಗೇ ಬಿಟ್ಟು ಅವರನ್ನು ಜಟಕಾ ಹತ್ತಿಸಿ ಊರಿನ ಆಸ್ಪತ್ರೆಯ ಡಾಕ್ಟರ ಬಳಿ ಕರೆದೊಯ್ದೆ.

ಡಾಕ್ಟರು ಕಿಬ್ಬೊಟ್ಟೆ ಮುಟ್ಟಿದರೆ ಕಲ್ಲಿನ ಹಾಗಿತ್ತು. "ಏನು ಕೊಟ್ಟಿದ್ದಾರೆ ಇವರಿಗೆ? ಯಾರು ಕೊಟ್ಟಿದ್ದು?" ಎಂದು ತೆಲುಗಿನಲ್ಲಿ ಕೇಳಿದರು. ಗೌರಮ್ಮ ಹೊರಗಿದ್ದರು, ನಾನು ಸುಮ್ಮನಿದ್ದರೆ ಡಾಕ್ಟರಿಗೆ ತಿಳಿಯುತ್ತಿರಲಿಲ್ಲ.

"ನೇನೇ ಸಾರ್," ಎಂದು ಒಪ್ಪಿಕೊಂಡು ಎಲ್ಲವನ್ನೂ ಹೇಳಿದೆ. ಎರಡು ಪಟ್ಟು ಮಾಡಿಸಿದ್ದನ್ನೂ ಹೇಳಿದೆ.

ಅದು ಅಕ್ಯೂಟ್ ಪ್ರಾಸ್ಟಟೈಟಿಸ್, ಎಂದರೆ ಸೋಂಕು ತಗುಲಿ ಗ್ರಂಥಿ ದಿಢೀರನೆ ಊದಿಕೊಳ್ಳುವುದು. ಹೊಟ್ಟೆಯ ಕೆಳಭಾಗದಲ್ಲಿ ಸಣ್ಣ ತೂತು ಮಾಡಿ ಟ್ಯೂಬ್ ಹಾಕಿದರು, ಆಂಟಿಬಯಾಟಿಕ್ ಶುರು ಮಾಡಿದರು. ಅಷ್ಟೂ ಹೊತ್ತು ನಾನು ವರಾಂಡದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಹೊರಗೆ ಬಂದ ಡಾಕ್ಟರು ನಿಂತು ನನ್ನನ್ನು ನೋಡಿದರು.

"ನಿನ್ನ ಮೂಲಿಕೆ ವಿಷವಲ್ಲಯ್ಯ. ಆದರೆ ಚಳಿಜ್ವರ ಬಂದವನು, ಒಂದಕ್ಕೆ ಕಟ್ಟಿಕೊಂಡವನು, ಇವರು ನಿನ್ನ ಗಿರಾಕಿಗಳಲ್ಲ. ಇನ್ನೊಂದು ದಿನ ತಡವಾಗಿದ್ದರೆ ನನ್ನ ಗಿರಾಕಿಯೂ ಆಗುತ್ತಿರಲಿಲ್ಲ."

ನಾಲ್ಕನೆಯ ದಿನ ನೋಡಲು ಹೋದಾಗ ರುದ್ರಪ್ಪನವರು ಗೋಡೆಯ ಕಡೆ ತಿರುಗಿಯೇ ಮಾತಾಡಿದರು. "ಕೇಳಿದ್ದು ತಪ್ಪಲ್ಲ ಕಣಪ್ಪ. ಮೊದಲನೇ ದಿನವೇ ಒಳಕ್ಕೆ ಕರೆದು ಕೇಳಿದ್ರೆ ನಾನೇನು ಸುಳ್ಳು ಹೇಳ್ತಿದ್ನಾ?"

ವಾಸನೆ ಹಿಡಿದು ಬೇರು ಗುರುತಿಸುವವನಿಗೆ ಎದುರು ನಿಂತ ಮನುಷ್ಯನನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಆ ವಾರವೇ ಮೂಟೆಗಳ ಹಿಂದೆ ಒಂದು ಗೋಣಿಪರದೆ ಕಟ್ಟಿ, ಚಾಪೆ ಹಾಸಿದೆ. ಇಂಥ ಕಾಯಿಲೆಗೆ ಮದ್ದು ಕೇಳಿದವರನ್ನು ಅಲ್ಲಿಗೆ ಕರೆದೆ. ಜ್ವರ ಇದೆಯೇ, ರಕ್ತ ಕಂಡಿತೇ, ಮೂತ್ರ ನಿಂತಿದೆಯೇ? ಇವುಗಳಲ್ಲಿ ಯಾವುದಕ್ಕೆ ಹೌದೆಂದರೂ ಪೊಟ್ಟಣವಿಲ್ಲ, ನೇರ ಆಸ್ಪತ್ರೆಗೆ. "ಮದ್ದು ಕೊಡೋಕೆ ಬರದಿದ್ರೆ ಅಂಗಡಿ ಯಾಕಿಟ್ಟೆ?" ಎಂದು ಬೈದು ಹೋದವರಿದ್ದಾರೆ. ಅವರಲ್ಲಿ ಕೆಲವರು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಬೀದಿಯಲ್ಲಿ ಎದುರಾದರೆ ಇವತ್ತಿಗೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನಡೆದುಕೊಂಡು ಹೋಗುತ್ತಾರಲ್ಲ, ನನಗೆ ಅಷ್ಟು ಸಾಕು.