ಎತ್ತಬಾರದ ಫೋನು

ಒಂದು ವಾರದಿಂದ ನನ್ನ ಫೋನು ಅಡುಗೆಮನೆಯ ಹಿಟ್ಟಿನ ಡಬ್ಬದ ಮೇಲೆ ಕೂತಿದೆ. ಸ್ಟೀಲ್ ಮುಚ್ಚಳವಾದ್ದರಿಂದ ಕರೆ ಬಂದರೆ ಡಬ್ಬಕ್ಕೆ ಡಬ್ಬವೇ ಗುರ್ರೆಂದು ನಡುಗುತ್ತದೆ, ಹಿತ್ತಲಿನಲ್ಲಿದ್ದರೂ ಕೇಳುತ್ತದೆ. ಇವತ್ತು ಬೆಳಿಗ್ಗೆ ಒಂದು ಸಲ ನಡುಗಿ ಸುಮ್ಮನಾಯಿತು. ಪಾತ್ರೆ ಬಿಟ್ಟು ಓಡಿಬಂದು ನೋಡಿದರೆ ಕೊಳಾಲದ ಈರಕ್ಕ. ಇನ್ನೊಂದು ಸಲ ನಡುಗೀತೆಂದು ಒದ್ದೆ ಕೈಯಲ್ಲೇ ನಿಂತಿದ್ದೆ. ಇಲ್ಲ. ಅಂದರೆ ಫಿನ್ಲೆಂಡಿನಲ್ಲಿ ಲೀನಾಳ ಮಗು ಇನ್ನೂ ಹುಟ್ಟಿಲ್ಲ. ಈರಕ್ಕನಿಗೆ ಸುಮ್ಮನೆ ನನ್ನ ನೆನಪಾಗಿದೆ, ಅಷ್ಟೆ.

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂದುಕೊಂಡೀರಿ.

ನಾನು ಮಧುಗಿರಿಯಲ್ಲಿ ಬಹಳ ವರ್ಷ ಒಂದು ಕಾರ್ಯಕ್ರಮ ನಡೆಸಿದವಳು. ಹೊರದೇಶದ ಕಾಲೇಜು ಹುಡುಗ ಹುಡುಗಿಯರು ಬಂದು, ಕೆಲವು ತಿಂಗಳು ನಮ್ಮ ಸುತ್ತಿನ ಹಳ್ಳಿಮನೆಗಳಲ್ಲಿ ಉಳಿದು, ಬೇಸಾಯವೋ ಕುರಿ ಸಾಕಣೆಯೋ ಕೋಟೆಯೋ ಕೆರೆಯೋ ಏನಾದರೊಂದನ್ನು ಕಲಿತು ಹೋಗುತ್ತಿದ್ದರು. ಬೋರ್ಡಿನಲ್ಲಿ ‘ಅಂತರರಾಷ್ಟ್ರೀಯ’ ಎಂದು ದಪ್ಪಕ್ಷರದಲ್ಲಿತ್ತು. ಆ ಬೋರ್ಡು ಇದ್ದದ್ದು ಗೊಬ್ಬರದಂಗಡಿಯ ಮಹಡಿಯ ಮೇಲೆ. ಬಂದವರು ಬಸ್ಸಿಳಿದು ಮೊದಲು ಮಧುಗಿರಿ ಬೆಟ್ಟ ನೋಡಿ ಬೆರಗಾಗುತ್ತಿದ್ದರು. ಆಮೇಲೆ ಯೂರಿಯಾ ಚೀಲಗಳನ್ನು ದಾಟಿ ಮೆಟ್ಟಿಲೇರಿ, ನಮ್ಮ ಕಚೇರಿ ನೋಡಿ ಇನ್ನೂ ಬೆರಗಾಗುತ್ತಿದ್ದರು.

ಯಾರನ್ನು ಯಾವ ಮನೆಗೆ ಕಳಿಸುವುದು ಎಂಬುದೇ ನನ್ನ ದೊಡ್ಡ ತಲೆನೋವು. ಹೆಣ್ಣು ನೋಡುವ ಶಾಸ್ತ್ರಕ್ಕೂ ಅಷ್ಟು ಯೋಚನೆ ಬೇಡ. ಕನ್ನಡ ಕಲಿಯಬೇಕೆಂದು ಹಟ ಹಿಡಿದ ಥಾಮಸ್ ಎಂಬ ಹುಡುಗನನ್ನು ಒಮ್ಮೆ ನಿಡುಗಲ್ಲಿನಲ್ಲಿ ಬಿಟ್ಟೆ. ಮಾತು ಕನ್ನಡದಲ್ಲಿ ಶುರುವಾದರೆ ತೆಲುಗಿನಲ್ಲಿ ಮುಗಿಯುವ ಮನೆ ಅದು. ಹುಡುಗ ಅಚ್ಚುಕಟ್ಟಾಗಿ ಕಲಿತ. ಊರಿಗೆ ಹೊರಡುವ ಮುನ್ನ ಬೆಂಗಳೂರಿನಲ್ಲಿ ಒಬ್ಬ ಆಟೋದವನ ಹತ್ತಿರ ಅರಳು ಹುರಿದಂತೆ ಮಾತಾಡಿದನಂತೆ. ಆಟೋದವನು, “ಸಾರ್, ಇದರಲ್ಲಿ ಅರ್ಧ ತೆಲುಗು” ಎಂದನಂತೆ. ಥಾಮಸ್ ನನಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಒಂದೇ: “ಯಾವ ಅರ್ಧ?”

ಈಗ ಕಾರ್ಯಕ್ರಮವನ್ನು ಎಳೆಯರು ನೋಡಿಕೊಳ್ಳುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಂಪರ್ಕ ಇಟ್ಟುಕೊಳ್ಳುವ ಕೆಲಸ ಮಾತ್ರ ನನ್ನ ಕೊರಳಿಗೆ ಬಿದ್ದಿದೆ. ಅದಕ್ಕಾಗಿ ನಾನು ಮೂರು ತಿಂಗಳಿಗೊಮ್ಮೆ ‘ಸ್ನೇಹ ಸಂಪರ್ಕ’ ಎಂಬ ವಾರ್ತಾಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಎಲ್ಲರಿಗೂ ಇ-ಮೇಲ್ ಮಾಡುತ್ತಿದ್ದೆ. ಸಿದ್ದರಬೆಟ್ಟದ ಫೋಟೋ ಹಾಕುತ್ತಿದ್ದೆ, ಕಡೆಗೆ ಒಂದು ಹಿತನುಡಿಯನ್ನೂ ಸೇರಿಸುತ್ತಿದ್ದೆ. ಓದಿದವರು ಯಾರೂ ಇರಲಿಲ್ಲವೆಂದು ಕಾಣುತ್ತದೆ. ಒಂದು ಸಲ ಒಂದೇ ಪತ್ರ ಎರಡು ಬಾರಿ ಹೋಗಿತ್ತು. ಅದನ್ನೂ ಯಾರೂ ಗಮನಿಸಲಿಲ್ಲ.

ಈರಕ್ಕ ಕುರಿ ಕಾಯುವ ಮನೆತನದವಳು, ಗಂಡ ಇಲ್ಲ, ಗಟ್ಟಿ ದನಿ. ಫಿನ್ಲೆಂಡಿನಿಂದ ಬಂದ ವಿದ್ಯಾರ್ಥಿನಿ ಲೀನಾಳನ್ನು ನಾನು ಅವಳ ಮನೆಯಲ್ಲಿ ಬಿಟ್ಟ ದಿನವೇ ಒಂದು ಕುರಿ ಅವಳಿ ಮರಿ ಹಾಕಿತ್ತು. ಎರಡನೆಯದು ತೀರಾ ಬಡಕಲು, ಕಾಲೂರಿ ನಿಲ್ಲಲಾರದು. ಈರಕ್ಕ ಅದನ್ನೆತ್ತಿ ಈ ಹುಡುಗಿಯ ಮಡಿಲಿಗೆ ಹಾಕಿ, “ಒಂದು ನಂದು, ಒಂದು ನಿಂದು ಕಣಮ್ಮ. ಸಾಯಾಕ್ ಬುಡಬ್ಯಾಡ” ಎಂದಳು. ಭಾಷೆ ತಿಳಿಯದಿದ್ದರೂ ಲೀನಾ ಸಾಯಲು ಬಿಡಲಿಲ್ಲ. ಬಾಟಲಿಯಲ್ಲಿ ಹಾಲು ಕುಡಿಸಿದಳು, ತನ್ನ ಉಣ್ಣೆಯ ಟೋಪಿಯಲ್ಲಿ ಮಲಗಿಸಿದಳು. ಮರಿ ಬದುಕಿತು. ಅದಕ್ಕೆ ಈರಕ್ಕ ಇಟ್ಟ ಹೆಸರು ಪಿನ್ನಿ, ಫಿನ್ಲೆಂಡಿನಿಂದ ಕಿತ್ತುಕೊಂಡದ್ದು.

ಲೀನಾ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಗಾಬರಿಯಿಂದ ನನಗೆ ಫೋನ್ ಮಾಡಿದಳು. ಈರಕ್ಕನ ಕರೆ ಬಂದು ನಿಂತುಹೋಯಿತು, ಮರಳಿ ಎಷ್ಟು ಮಾಡಿದರೂ ಎತ್ತುತ್ತಿಲ್ಲ, ಏನೋ ಆಗಿದೆ ಎಂದಳು. ನಾನು ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಕೊಳಾಲದ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಈರಕ್ಕ ಜಗುಲಿಯ ಮೇಲೆ ಕೂತು ಆರಾಮವಾಗಿ ಹುಣಸೆಹಣ್ಣು ಕುಟ್ಟುತ್ತಿದ್ದಾಳೆ.

“ಈರಕ್ಕ, ಲೀನಾಗೆ ಯಾಕೆ ಫೋನ್ ಮಾಡಿದ್ದೆ? ಏನಾಯ್ತು?”

“ನಾನೆಲ್ಲಿ ಪೋನ್ ಮಾಡ್ದೆ? ಮಿಸ್ ಕಾಲ್ ಕೊಟ್ಟೆ. ಗ್ಯಾಪಕ ಬಂದ್ಲು, ಕೊಟ್ಟೆ.”

“ಅವಳು ವಾಪಸ್ ಮಾಡಿದಾಗ ಎತ್ತಬಾರದಾ?”

“ಎತ್ತಿ ಏನ್ ಮಾತಾಡ್ಲಿ ಮೇಡಮ್ಮ? ಉಂಡ್ಯಾ ಅಂತೀನಿ, ಉಂಡೆ ಅಂತಾಳೆ. ಆಮ್ಯಾಕೆ ಅವ್ಳೂ ಸುಮ್ಕಾಯ್ತಾಳೆ, ನಾನೂ ಸುಮ್ಕಾಯ್ತೀನಿ. ಇಬ್ರಿಗೂ ಸಂಕ್ಟ. ಮಿಸ್ ಕಾಲಾದ್ರೆ, ಅವ್ಳು ಗ್ಯಾಪಕ ಮಾಡ್ಕಂಡ್ಲು ಅಂತ ನಂಗೆ ಗೊತ್ತಾಯ್ತದೆ, ನಾನು ಮಾಡ್ಕಂಡೆ ಅಂತ ಅವ್ಳಿಗೆ ಗೊತ್ತಾಯ್ತದೆ. ಸಾಕಲ್ವಾ?”

ನಾನು ಬಸ್ ಸ್ಟ್ಯಾಂಡಿನಲ್ಲೇ ನಿಂತು ಇದನ್ನು ಲೀನಾಗೆ ವಿವರಿಸಿದೆ. ಅವಳು, “ಹಾಗಾದರೆ ಇನ್ನು ಮೇಲೆ ನಾನೂ ಎತ್ತಬಾರದು, ಅಲ್ಲವಾ?” ಎಂದಳು. ಅಂದಿನಿಂದ ಕೊಳಾಲಕ್ಕೂ ಫಿನ್ಲೆಂಡಿಗೂ ನಡುವೆ ಮಿಸ್ ಕಾಲ್ ಓಡಾಡುತ್ತಿದೆ. ಈರಕ್ಕ ನನಗೂ ಕೊಡಲು ಶುರುಮಾಡಿದಳು. ಮೊದಮೊದಲು ನಾನು ಹಾಳು ಅಭ್ಯಾಸಬಲದಿಂದ ಎತ್ತಿಬಿಡುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ.

ಈ ವರ್ಷ ಲೀನಾ ಬಸುರಿ. ಹಿಂದೊಮ್ಮೆ ಬಸಿರು ನಿಲ್ಲದೆ ಹೋಗಿತ್ತು, ಆದ್ದರಿಂದ ತುಂಬ ಹೆದರಿದ್ದಳು. ಅವಳಿಗಿಂತ ಈರಕ್ಕ ಹೆದರಿದ್ದಳು. ಹೋದ ತಿಂಗಳು ಈರಕ್ಕನ ಜಗುಲಿಯಲ್ಲಿ ನನ್ನ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಇಬ್ಬರೂ ಒಂದು ಕರಾರು ಮಾಡಿಕೊಂಡರು. ನಡುವೆ ನಾನು ದುಭಾಷಿ. ಒಂದು ಮಿಸ್ ಕಾಲ್ ಅಂದರೆ ಎಂದಿನಂತೆ ನೆನಪು. ಮೇಲಿಂದ ಮೇಲೆ ಎರಡು ಬಂದರೆ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಲೀನಾ ಈರಕ್ಕನಿಗೆ ಕೊಡಬೇಕು, ಈರಕ್ಕ ನನಗೆ ದಾಟಿಸಬೇಕು. “ಏನಾರ ಕಷ್ಟ ಅಂದ್ರೆ ಬುಡದಂಗೆ ಹೊಡೀತೀನಿ, ಆವಾಗ ಮಾತ್ರ ಎತ್ತು” ಎಂದು ಈರಕ್ಕ ನನಗೆ ಎಚ್ಚರಿಕೆ ಕೊಟ್ಟಳು.

ಇಷ್ಟು ಬರೆಯುವ ಹೊತ್ತಿಗೆ ಡಬ್ಬ ನಡುಗಿತು. ಪೆನ್ನು ಬಿಸಾಡಿ ಓಡಿದೆ. ಈರಕ್ಕ. ನಿಂತಿತು. ಮತ್ತೆ ನಡುಗಿತು, ನಿಂತಿತು. ಎರಡು! ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದೆ. ತಟ್ಟಿದ ಕೈ ಕೆಳಗಿಳಿಯುವ ಮೊದಲೇ ಡಬ್ಬ ಮೂರನೆಯ ಸಲ ನಡುಗಿತು.

ಬಿಡದೆ ಹೊಡೆಯುತ್ತಿದ್ದಾಳೆ, ಏನೋ ಕಷ್ಟ. ಎತ್ತಿ, “ಈರಕ್ಕ, ಏನಾಯ್ತು?” ಎಂದೆ.

“ಅಯ್ಯೋ, ಎತ್ಬುಟ್ಯಲ್ಲಮ್ಮ!” ಎಂದು ಆ ಕಡೆಯಿಂದ ಕಿರುಚಿದಳು. “ಯಾಕೆ ಎತ್ತಿದ್ದೆ?”

“ಮೂರು ಸಲ ಹೊಡೆದೆಯಲ್ಲ! ಲೀನಾ ಹೆಂಗಿದ್ದಾಳೆ?”

“ಅವ್ಳೂ ಮೂರು ಹೊಡುದ್ಲು, ನಾನೂ ಮೂರು ಹೊಡ್ದೆ. ಲೆಕ್ಕ ಬರಾಕಿಲ್ವಾ ನಿಂಗೆ? ತಾಯಿಗೊಂದು, ಮರಿಗೊಂದೊಂದು. ಜೋಡಿ ಮರಿ ಕಣಮ್ಮ! ಜೋಡಿ ಮರಿ ಹಾಕವ್ಳೆ ನನ್ ಮಗ್ಳು! ಇಷ್ಟು ದಿನ ಬಾಯಿ ಬುಡ್ಲಿಲ್ಲ ನೋಡು, ಕಳ್ಳಿ!” ನಗುತ್ತಾ ನಗುತ್ತಾ ಈರಕ್ಕ ಅಳುವುದು ಕೇಳಿಸಿತು. ಆಮೇಲೆ, “ಇಡಮ್ಮ, ಇಡು, ಮಾತಾಡಿದ್ದು ಸಾಕು” ಎಂದು ಅವಳೇ ಇಟ್ಟಳು.

ಹಿಂದೆಯೇ ಲೀನಾಳ ಫೋಟೋ ಬಂತು. ಅವಳ ಎರಡು ತೋಳಿನಲ್ಲಿ ಎರಡು ಉಣ್ಣೆಯ ಟೋಪಿ, ಒಳಗೆ ಎರಡು ಕೆಂಪು ಮುಖ. ಒಂದು ತುಸು ಬಡಕಲು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ‘ಒಂದು ನಂದು, ಒಂದು ಈರಕ್ಕಂದು.’

ಉತ್ತರ ಬರೆಯಲು ಹೊರಟೆ. ಅಭಿನಂದನೆ, ಶುಭಾಶಯ, ಹಿತನುಡಿ, ವಾರ್ತಾಪತ್ರಕ್ಕೆ ಸಲ್ಲುವ ಮಾತುಗಳೆಲ್ಲ ಬೆರಳ ತುದಿಗೆ ಬಂದವು. ಎಲ್ಲವನ್ನೂ ಅಳಿಸಿದೆ. ಲೀನಾಳ ನಂಬರಿಗೆ ಕರೆ ಹಚ್ಚಿ, ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ. ಅಷ್ಟು ದೂರದಲ್ಲಿ, ಎರಡು ಮಕ್ಕಳ ಪಕ್ಕದಲ್ಲಿ, ಅವಳ ಫೋನು ರಿಂಗಾಗುತ್ತಿತ್ತು.

ಅವಳು ಎತ್ತಲಿಲ್ಲ. ನನಗೆ ಹೇಳಲಾರದಷ್ಟು ಸಂತೋಷವಾಯಿತು.