ವಾರಿಜಕ್ಕನ ಕಾಗೆ

ವಾರಿಜಕ್ಕನಿಗೆ ಹಕ್ಕಿಗಳ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದಲ್ಲಿ ಪಾರಿವಾಳಗಳನ್ನು ಅವರಷ್ಟು ಬೈದವರು ಇನ್ನೊಬ್ಬರಿಲ್ಲ. ಆದರೂ ಸಂಕ್ರಾಂತಿಯ ಮರುದಿನ, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಟೆರೇಸಿನಲ್ಲಿ ಬಿದ್ದಿದ್ದ ಕಾಗೆಯನ್ನು ಸೆರಗಿನಲ್ಲಿ ಸುತ್ತಿ ಕೆಳಗೆ ತಂದವರು ಅವರೇ. ಮಧ್ಯಾಹ್ನದ ಖಾಲಿ ಲೋಕಲ್‌ನಲ್ಲಿ, ತರಕಾರಿ ಬುಟ್ಟಿಯಲ್ಲಿ ಕೂರಿಸಿಕೊಂಡು, ಠಾಣೆಯ ಹಕ್ಕಿ ಡಾಕ್ಟರರ ಹತ್ತಿರ ಹೊಲಿಗೆ ಹಾಕಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಬೈಗುಳವೆಲ್ಲ ನನಗೆ, ಕಾಗೆಗೆ ಒಂದೂ ಇಲ್ಲ.

ಡಾಕ್ಟರು ಬೇಯಿಸಿದ ಮೊಟ್ಟೆ ಕೊಡಿ ಎಂದಿದ್ದರು. ಉಡುಪಿಯ ಭಟ್ಟರ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟುವಂತಿಲ್ಲ. ಹಾಗಾಗಿ ಬುಟ್ಟಿ ಟೆರೇಸ್ ಬಾಗಿಲ ಹತ್ತಿರದ ಮೆಟ್ಟಿಲ ಮೇಲೆ ಉಳಿಯಿತು, ಮೊಟ್ಟೆ ಎದುರುಮನೆಯ ನನ್ನ ಒಲೆಯ ಮೇಲೆ ಬೆಂದಿತು. "ನೀನು ಮೈಸೂರಿನವಳು, ನಿನಗೆ ನಡೀತದೆ" ಎಂದು ನನ್ನನ್ನು ಕೇಳದೆಯೇ ತೀರ್ಮಾನಿಸಿಬಿಟ್ಟಿದ್ದರು. ನಮ್ಮ ಮನೆಯಲ್ಲೂ ನಡೆಯುತ್ತಿರಲಿಲ್ಲ, ಅವರಿಗೆ ಎದುರು ಹೇಳುವ ಧೈರ್ಯ ನನಗಿರಲಿಲ್ಲ ಅಷ್ಟೆ.

ಹೊಲಿಗೆ ಬಿಚ್ಚಿದ ಮೇಲೆ ಹಾರುವ ಅಭ್ಯಾಸ ಶುರುವಾಯಿತು. ಮೊದಲ ಮೆಟ್ಟಿಲ ಮೇಲೆ ಒಂದು ಚೂರು ಮೊಟ್ಟೆ, ಮರುದಿನ ಎರಡನೆಯದರ ಮೇಲೆ. ಕಾಗೆ ಕುಪ್ಪಳಿಸುತ್ತಿತ್ತು, ಎಡವುತ್ತಿತ್ತು, ವಾರಿಜಕ್ಕನ ಮುಖ ನೋಡುತ್ತಿತ್ತು. ಫೆಬ್ರವರಿ ಕೊನೆಗೆ ನೆಲದಿಂದ ಒಂದೇ ನೆಗೆತಕ್ಕೆ ಕಿಟಕಿಯ ಮೇಲಕ್ಕೇರಿತು. ಅಷ್ಟು ಹಾರಿದರೆ ಬಿಟ್ಟುಬಿಡಿ, ತಡಮಾಡಿದರೆ ಅದರ ಬಳಗ ಸೇರಿಸಿಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ವಾರಿಜಕ್ಕ ಮಾತ್ರ "ಇನ್ನು ನಾಲ್ಕು ದಿನ ಇರಲಿ" ಎಂದರು.

ಯಾಕೆಂದು ನನಗೆ ಗೊತ್ತಿತ್ತು. ನಾಲ್ಕನೆಯ ದಿನ ಅವರ ಗಂಡ ವಸಂತಕುಮಾರರ ವರ್ಷಾಂತಿಕ. ಸ್ಟೇಷನ್ ಬಳಿ ಮೂವತ್ತು ವರ್ಷ ಹೋಟೆಲು ನಡೆಸಿದ ಮನುಷ್ಯ. ಅವರು ತೀರಿಕೊಂಡ ಹತ್ತನೆಯ ದಿನ ಪಿಂಡ ಇಟ್ಟು ಎರಡು ಗಂಟೆ ಕಾದರೂ ಒಂದು ಕಾಗೆಯೂ ಮುಟ್ಟಿರಲಿಲ್ಲ. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿ ಮುಗಿಸಿದರು. "ಅಣ್ಣನಿಗೆ ಏನೋ ಆಸೆ ಉಳಿದಿದೆ" ಎಂದು ನಾದಿನಿ ಸುಲೋಚನಾ ಎಲ್ಲರೆದುರು ಅತ್ತುಬಿಟ್ಟಿದ್ದರು. ಗಂಡನಿಗೆ ತಾನು ಏನು ಕಡಿಮೆ ಮಾಡಿದೆ ಎಂದು ವಾರಿಜಕ್ಕ ವರ್ಷವಿಡೀ ಒಳಗೊಳಗೇ ಕೊರಗಿದ್ದರು. ಈಗ ಬುಟ್ಟಿಯಲ್ಲಿರುವುದು ಕೈತುತ್ತು ತಿನ್ನುವ ಕಾಗೆ. ಮುಟ್ಟದೆ ಎಲ್ಲಿ ಹೋದೀತು?

ವರ್ಷಾಂತಿಕದ ದಿನ ಸುಲೋಚನಾ ಬೆಳಿಗ್ಗೆಯೇ ಮಗ ಸಾತ್ವಿಕನೊಂದಿಗೆ ಖಾರಘರದಿಂದ ಬಂದರು. ಮಕ್ಕಳಿಲ್ಲದ ಮಾವನ ಕರ್ಮ ಮಾಡುವವನು ಅವನೇ. ಬಂದವರೇ ಬುಟ್ಟಿಯೊಳಗಿನ ಬಟ್ಟಲನ್ನು ಎತ್ತಿಟ್ಟರು.

"ಅತ್ತಿಗೆ, ಇವತ್ತು ಇದಕ್ಕೆ ಎಂತದ್ದೂ ಹಾಕ್ಬೇಡಿ ಆಯ್ತಾ. ಹಸಿದಿದ್ರೆ ಖಂಡಿತ ಮುಟ್ತದೆ."

ವಾರಿಜಕ್ಕ ಹೂಂ ಎಂದರು. ಹತ್ತು ನಿಮಿಷ ಕಳೆದು ನನ್ನ ಬಾಗಿಲು ತಟ್ಟಿದರು.

"ಒಂದು ಮೊಟ್ಟೆ ಬೇಯಿಸು ಮಾರಾಯ್ತಿ."

"ವಾರಿಜಕ್ಕ, ಇವತ್ತಾ?"

"ಇವತ್ತೇ. ಆ ಮನುಷ್ಯ ಹೋಟೆಲು ಮುಚ್ಚಿದ ಮೇಲೆ ಬಂದವನಿಗೂ ಒಲೆ ಹಚ್ಚಿ ಊಟ ಹಾಕಿದವರು. ಅವರ ಹೆಸರಲ್ಲಿ ಒಂದು ಜೀವವನ್ನು ಹಸಿವಿನಲ್ಲಿ ಇಡುವುದಾ? ನನ್ನಿಂದಾಗ."

ಮೊಟ್ಟೆ ಬೆಂದಿತು. ಕಾಗೆ ಅಷ್ಟನ್ನೂ ತಿಂದು ಮೇಲೆ ಮೊಸರನ್ನವನ್ನೂ ತಿಂದಿತು. ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಸಾತ್ವಿಕ ಟೆರೇಸಿನ ಕಟ್ಟೆಯ ಮೇಲೆ ಬಾಳೆಲೆಯಲ್ಲಿ ಪಿಂಡ ಇಟ್ಟ. ವಾರಿಜಕ್ಕ ಬುಟ್ಟಿಯ ಮುಚ್ಚಳ ತೆಗೆದರು. ಕಾಗೆ ಕಟ್ಟೆಗೆ ಹಾರಿತು. ಎಲೆಯ ಸುತ್ತ ನಡೆದು ಅನ್ನವನ್ನು ಓರೆಯಾಗಿ ನೋಡಿತು, ಕೊಕ್ಕನ್ನು ಸಿಮೆಂಟಿಗೆ ಒರೆಸಿಕೊಂಡಿತು. ಆಮೇಲೆ ರೆಕ್ಕೆ ಬಿಚ್ಚಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕುಳಿತಿತು. ಅಲ್ಲಿದ್ದ ಎರಡು ಕಾಗೆಗಳು ಕೂಗಿ ಗಲಾಟೆ ಮಾಡಿದವು, ಸ್ವಲ್ಪ ಸರಿದು ಜಾಗ ಕೊಟ್ಟವು. ಮೂರೂ ಒಟ್ಟಿಗೆ ಖಾಡಿಯ ಹಿನ್ನೀರಿನ ಕಡೆ ಹಾರಿಹೋದವು.

"ಮಾಮೀ, ಕಾವಳಾ ಗೇಲಾ" ಎಂದ ಸಾತ್ವಿಕ ಮರಾಠಿಯಲ್ಲಿ. ಕಾಗೆ ಹೋಯಿತೆಂದು ಎಲ್ಲರಿಗೂ ಕಾಣುತ್ತಲೇ ಇತ್ತು.

ಸುಲೋಚನಾ ಅಲ್ಲೇ ಕುಸಿದು ಕುಳಿತರು. "ಹಸಿದ ಕಾಗೆ ಕೂಡ ಮುಟ್ಲಿಲ್ಲವಲ್ಲ ಅತ್ತಿಗೆ! ಅಣ್ಣನಿಗೆ ಇನ್ನೂ ಎಂತ ಬಾಕಿ ಉಂಟೋ!"

"ಹಸಿದಿರ್ಲಿಲ್ಲ. ಬೆಳಿಗ್ಗೆ ನಾನೇ ಹಾಕಿದ್ದೆ."

ಸುಲೋಚನಾ ತಲೆಯೆತ್ತಿ ನೋಡಿದರು. ಈಗ ಜಗಳ ಖಂಡಿತ ಎಂದುಕೊಂಡೆ ನಾನು. ವಾರಿಜಕ್ಕ ಹತ್ತಿರ ಹೋಗಿ ನಾದಿನಿಯ ತಲೆ ಸವರಿದರು.

"ಹೊಟ್ಟೆ ತುಂಬಿದವರು ಎಲೆ ಮುಟ್ಟುದಿಲ್ಲ, ಸುಲೋಚನಾ. ನಿನ್ನ ಅಣ್ಣನಿಗೂ ತುಂಬಿತ್ತು."

ಹೇಳಿ ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಒಂದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುಲೋಚನಾ ಎದ್ದು ಅತ್ತಿಗೆಯ ಕೈ ಹಿಡಿದುಕೊಂಡರು, ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದು ಬಡಿಸಲು ಹೋದರು.