ಕಾಪರ್ ಹಾರ್ಬರಿಗೆ ಹೋದ ಹೆಪ್ಪು

೧೯೬೮ರಲ್ಲಿ ಪದ್ಮ ಮೈಸೂರಿನಿಂದ ಡೆಟ್ರಾಯಿಟ್‌ಗೆ ಬಂದಿಳಿದಾಗ ಅವಳ ಕೈಚೀಲದಲ್ಲಿ ಒಂದು ಬಿಳಿಯ ಕರವಸ್ತ್ರವಿತ್ತು. ಅಮ್ಮ ಅದನ್ನು ಗಟ್ಟಿ ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಮಡಿಸಿಕೊಟ್ಟಿದ್ದಳು. ಡೆಟ್ರಾಯಿಟ್ ಪಕ್ಕದ ವಾರೆನ್ ಊರಿನ ಮನೆ ಸೇರಿದ ದಿನವೇ ಪದ್ಮ ಅದನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ನೆನೆಸಿದಳು. ಮೊದಲ ಸಲ ನೀರಾಯಿತು, ಆಮೇಲೆ ಲೋಳೆಯಾಯಿತು, ಕೊನೆಗೊಮ್ಮೆ ಚಮಚ ನಿಲ್ಲುವಂತೆ ಹೆಪ್ಪುಗಟ್ಟಿತು. ಅಂಗಡಿಯ ಮೊಸರಿನಲ್ಲಿ ಏನೇನು ಬೆರೆತಿರುತ್ತದೋ ಎಂದು ನಮ್ಮವರು ಹೆದರುತ್ತಿದ್ದ ಕಾಲ. ಷಿಕಾಗೋವರೆಗಿನ ಹಲವು ಕನ್ನಡ ಮನೆಗಳಿಗೆ ಪದ್ಮಳ ಅಡುಗೆಮನೆಯೇ ಹೆಪ್ಪಿನ ತವರಾಯಿತು.

೧೯೭೨ರ ಆಗಸ್ಟ್‌ನಲ್ಲಿ ಅವಳೂ ಗಂಡ ಚಂದ್ರಮೌಳಿಯೂ ಮಿಷಿಗನ್ನಿನ ಉತ್ತರದ ತುದಿಗೆ ಹೊರಟರು. ನಲವತ್ತೊಂದನೆಯ ಹೆದ್ದಾರಿ ಮುಗಿಯುವ ಆ ಊರು ಕಾಪರ್ ಹಾರ್ಬರ್. ಕೆಲವೇ ಮನೆಗಳು, ಒಂದು ಅಂಗಡಿ, ಸುತ್ತಲೂ ಮುಚ್ಚಿಹೋದ ತಾಮ್ರದ ಗಣಿಗಳು, ಎದುರಿಗೆ ಸಮುದ್ರದಂಥ ಸುಪೀರಿಯರ್ ಸರೋವರ. ಷಿಕಾಗೋ ಬಳಿಯ ಹಾಫ್‌ಮನ್ ಎಸ್ಟೇಟ್ಸ್‌ನಿಂದ ಗೆಳತಿ ಸರಳಾ, ಅವಳ ಗಂಡ ತಿರುಮಲೇಶ ಅಲ್ಲಿಗೇ ಬರುವವರಿದ್ದರು.

ಮ್ಯಾಕಿನಾ ಸೇತುವೆ ದಾಟುವಾಗ ಚಂದ್ರಮೌಳಿ ನೆನಪಿಸಿಕೊಂಡು ಹೇಳಿದ: “ಹೊರಡೋವಾಗ ಫ್ರಿಜ್ ಆಫ್ ಮಾಡ್ಬಿಟ್ಟೆ ಕಣೇ. ಸುಮ್ನೆ ಯಾಕೆ ವಾರವೆಲ್ಲ ಓಡ್ಬೇಕು?”

“ಅದರೊಳಗೆ ಹೆಪ್ಪಿತ್ತು,” ಎಂದಳು ಪದ್ಮ.

“ಹಿಂದಿನ ಸೀಟಿನ ಐಸ್ ಪೆಟ್ಟಿಗೇಲಿ ಇನ್ನೊಂದು ಡಬ್ಬಿ ಇದೆಯಲ್ಲ?”

ಇತ್ತು. ಆದರೆ ಬಾಡಿಗೆಗೆ ಹಿಡಿದಿದ್ದ ಮರದ ಕ್ಯಾಬಿನ್ ತಲುಪಿ ಪೆಟ್ಟಿಗೆ ತೆರೆದರೆ ಐಸ್ ಕರಗಿ, ಡಬ್ಬಿಯ ಮುಚ್ಚಳ ಜಾರಿ, ಒಳಗೆಲ್ಲ ನೀರು. ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು.

“ಅಯ್ಯೋ, ನಮ್ಮನೇದು ಕೆಟ್ಟುಹೋಯ್ತು ಅಂತ ನಾನು ಖಾಲಿ ಡಬ್ಬಿ ಹಿಡ್ಕೊಂಡು ಬಂದಿದೀನಲ್ರೀ!” ಎಂದಳು ಆಗಲೇ ಬಂದು ಸೇರಿದ್ದ ಸರಳಾ.

ಆ ದಿನವೇ ಹೊಸ ಹಾಲಿಗೆ ಬೀಳದಿದ್ದರೆ ಅಮ್ಮನ ಹೆಪ್ಪು ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಹಾಲು ಸಿಕ್ಕಿತು, ಕಾಯಿಸಲು ಒಲೆಯೂ ಇತ್ತು. ಆದರೆ ಸರೋವರದ ಗಾಳಿಗೆ ಕ್ಯಾಬಿನ್ ಐವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದಿತ್ತು; ಆ ಥಂಡಿಯಲ್ಲಿ ಹಾಲು ಹೆಪ್ಪಾಗುವ ಮಾತೇ ಇಲ್ಲ. ಸಂಜೆ ಎಲ್ಲರೂ ಕಾರಿನಲ್ಲಿ ಗುಡ್ಡದ ರಸ್ತೆ ಹತ್ತಿ, ಕೆಳಗೆ ಹರಡಿದ ಕಾಡನ್ನೂ ನೀರನ್ನೂ ನೋಡಿದರು. ಪದ್ಮ ನೋಡಿದಳೇ ಹೊರತು ಏನೂ ಕಾಣಲಿಲ್ಲ. ಇಳಿದು ಬಂದು ಕಾರಿಗೆ ಒರಗಿದಾಗ ಬಾನೆಟ್ ಕೈಗೆ ಬೆಚ್ಚಗೆ ತಗುಲಿತು, ಜ್ವರ ಬಿಡುತ್ತಿರುವ ಮಗುವಿನ ಹಣೆಯ ಹಾಗೆ.

“ರೀ, ಈ ಬಾನೆಟ್ ತೆಗೀರಿ.”

ಹೆಪ್ಪು ಹಾಕಿದ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಎಂಜಿನ್ನಿನ ಪಕ್ಕ ಇಟ್ಟಾಗ ತಿರುಮಲೇಶ ಹೊಟ್ಟೆ ಹಿಡಿದು ನಕ್ಕ. ಚಂದ್ರಮೌಳಿಗೆ ಮಾತ್ರ ನಗು ಬರಲಿಲ್ಲ.

“ನಾನು ಎಂಜಿನ್ ತಣ್ಣಗಿಡೋ ಎಂಜಿನಿಯರ್ ಕಣೇ! ಆಫೀಸಿನವರು ನೋಡಿದ್ರೆ?”

“ಇವತ್ತೊಂದಿನ ಬೆಚ್ಚಗಿಡಿ.”

ಇಟ್ಟ. ಮಲಗುವ ತನಕ ಆಗಾಗ ಹೋಗಿ, ಪಾತ್ರೆ ಕೆಳಗಿಳಿಸಿ, ಎಂಜಿನ್ ಓಡಿಸಿ, ಮುಂಗೈಯಿಂದ ಬಿಸಿ ನೋಡಿ ಮತ್ತೆ ಇಟ್ಟ. ಫ್ರಿಜ್ಜಿನ ಮಾತನ್ನು ಪದ್ಮ ಮತ್ತೆ ಎತ್ತಲಿಲ್ಲ.

ಬೆಳಿಗ್ಗೆ ಕ್ಯಾಬಿನ್ನುಗಳ ಒಡತಿ, ಐಲಿ ಎಂಬ ಮುದುಕಿ, ಸೌದೆ ತಂದಾಗ ನಾಲ್ವರೂ ಬಾನೆಟ್ಟಿನ ಮೇಲೆ ಬಗ್ಗಿದ್ದರು. “ಕಾರು ಕೆಟ್ಟಿತೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪದ್ಮ ಪಾತ್ರೆಯನ್ನು ಓರೆಮಾಡಿ ತೋರಿಸಿದಳು. ಮೊಸರು ಅಲುಗಲಿಲ್ಲ.

ವಿಷಯ ತಿಳಿದ ಐಲಿ ಸೌದೆ ಕೆಳಗಿಟ್ಟು ಮನೆಗೆ ಹೋದವಳು ಒಂದು ಬೋಗುಣಿ ಹಿಡಿದು ಬಂದಳು. ಅದರಲ್ಲೂ ಹೆಪ್ಪಾದ ಹಾಲು! “ನಮ್ಮಮ್ಮ ಫಿನ್ಲೆಂಡಿನಿಂದ ತಂದದ್ದು. ಬಟ್ಟೆಯಲ್ಲಿ ಒಣಗಿಸಿ, ಹಡಗಿನಲ್ಲಿ.”

ಪದ್ಮ ಬೋಗುಣಿಗೆ ಚಮಚ ಅದ್ದಿದಳು. ಚಮಚ ಎತ್ತಿದರೆ ಆ ಮೊಸರು ಎಳೆಎಳೆಯಾಗಿ ಬಂತು.

“ಇದೇನ್ರೀ, ಮೊಸರೋ ಶಾವಿಗೆಯೋ?” ಎಂದ ತಿರುಮಲೇಶ.

“ಸುಮ್ನಿರಿ, ಅವರಮ್ಮಂದು,” ಎಂದು ಗದರಿ ಪದ್ಮ ಎಲ್ಲವನ್ನೂ ತಿಂದು ಬೋಗುಣಿ ಖಾಲಿಮಾಡಿದಳು.

ಸರಳಾಳ ಡಬ್ಬಿ ತುಂಬಿತು. ಆಮೇಲೆ ಪದ್ಮ ಐಲಿಯ ಬೋಗುಣಿ ತೊಳೆದು, ತನ್ನ ಮೊಸರು ಹಾಕಿ, ಇದಕ್ಕೆ ಬೆಚ್ಚಗಿನ ಜಾಗ ಬೇಕೆಂದು ವಿವರಿಸಿದಳು.

“ನನ್ನ ಹತ್ತಿರ ಕಾರಿಲ್ಲವಲ್ಲ!” ಎಂದಳು ಐಲಿ.

ಉಳಿದದ್ದರಲ್ಲಿ ಮೊಸರನ್ನ ಕಲೆಸಿ ಹತ್ತಿರದ ಜಲಪಾತದ ಬಂಡೆಯ ಮೇಲೆ ಕೂತು ಉಂಡರು. ಆ ಪ್ರವಾಸದಲ್ಲಿ ಏನು ನೋಡಿದಿರೆಂದು ವಾರೆನ್‌ನಲ್ಲಿ ಯಾರು ಕೇಳಿದರೂ ಚಂದ್ರಮೌಳಿ ಜಲಪಾತ, ಗಣಿ, ಗುಡ್ಡಗಳನ್ನು ವರ್ಣಿಸುತ್ತಿದ್ದ. ಪದ್ಮ ಅವನು ಮುಗಿಸುವ ತನಕ ಕಾದು ಹೇಳುತ್ತಿದ್ದಳು: “ರಸ್ತೆ ಮುಗಿಯೋ ಕಡೆ ನಮ್ಮಮ್ಮನ ಮೊಸರು ಮಾಡೋ ಮನೆ ಒಂದಿದೆ.”